ಡೇರಿಯನ್ನಿನಲ್ಲಿ ಸ್ಕಾಟರು

ಅಮೆರಿಕ ಖಂಡದ ಭೂಪಟವನ್ನು ಬಿಚ್ಚಿ ನೋಡಿದರೆ, ಉತ್ತರ ದಕ್ಷಿಣ ಭೂಭಾಗಗಳೆರಡನ್ನೂ ಕಿರಿದಾದ ನಡುವಿನಂತೆ ಕೂಡಿಸಿರುವ ಪನಾಮಾ ಭೂಕಂಠವು ಕಣ್ಣಿಗೆ ಬೀಳುತ್ತದೆ. ಅದರ ಪೂರ್ವದ ಕಡೆಗೆ, ಕೊಲಂಬಿಯಾ ದೇಶದ ಗಡಿಗೆ ಸಮೀಪವಾಗಿ, ಕೆರಿಬಿಯನ್ ಸಮುದ್ರದ ದಡದಲ್ಲಿ ಒಂದು ಸಣ್ಣ ಕೊಲ್ಲಿಯಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ಬಂದ ಹೆಸರು ‘ಪೋರ್ತೊ ಎಸ್ಕೊಸೆಸ್’. ಎಂದರೆ ಸ್ಕಾಟರ ಬಂದರು. ಮಂಜಿನ ನಾಡಾದ ಸ್ಕಾಟ್ಲೆಂಡಿಗೂ ಮಳೆಗಾಡಿನ ಈ ಕೊಲ್ಲಿಗೂ ಎಲ್ಲಿಯ ನಂಟು? ಈ ಹೆಸರೊಂದರ ಹಿಂದೆ ಸುಮಾರು ಎರಡು ಸಾವಿರ ಜನರ ಮರಣವೂ, ಒಂದು ಪುರಾತನ ರಾಜ್ಯದ ರಾಜಕೀಯ ಸ್ವಾತಂತ್ರ್ಯವು ಮುಗಿದ ಕಥೆಯೂ ಅಡಗಿವೆ. ಆ ಕಥೆಯನ್ನು ನಾವು ಈಗ ವಿಚಾರಮಾಡೋಣ. ವಸಾಹತು ಮುರಿದುಬಿದ್ದುದಷ್ಟೇ ಅಲ್ಲ, ಮುರಿದುಬಿದ್ದುದು ತಿಳಿಯದೆ ಮತ್ತೆ ಸಾವಿರ ಜನ ಅದೇ ದಾರಿ ಹಿಡಿದು ಹೋದುದು ಹೇಗೆ ಎಂಬುದೇ ನಮ್ಮ ಮುಖ್ಯ ಪ್ರಶ್ನೆ.

ಹದಿನೇಳನೆಯ ಶತಮಾನದ ಕೊನೆಯ ಹತ್ತು ವರ್ಷಗಳು ಸ್ಕಾಟ್ಲೆಂಡಿಗೆ ಕಷ್ಟಕಾಲ. ೧೬೦೩ರಿಂದ ಆ ದೇಶಕ್ಕೂ ಇಂಗ್ಲೆಂಡಿಗೂ ಒಬ್ಬನೇ ದೊರೆ. ಆದರೆ ಪಾರ್ಲಿಮೆಂಟು ಬೇರೆ, ಕಾನೂನು ಬೇರೆ, ಬೊಕ್ಕಸ ಬೇರೆ. ಇಂಗ್ಲೆಂಡಿನ ನೌಕಾಯಾನ ಶಾಸನಗಳು ಅದರ ವಸಾಹತುಗಳ ವ್ಯಾಪಾರದಿಂದ ಸ್ಕಾಟರನ್ನು ಹೊರಗಿಟ್ಟಿದ್ದುವು. ಇಂಗ್ಲೆಂಡಿನ ಯುದ್ಧಗಳ ಹೊರೆಯಲ್ಲಿ ಮಾತ್ರ ಅವರಿಗೆ ಪಾಲು ತಪ್ಪುತ್ತಿರಲಿಲ್ಲ. ಇದರ ಮೇಲೆ ೧೬೯೫ರಿಂದ ವರ್ಷ ವರ್ಷವೂ ಬೆಳೆ ಕೆಟ್ಟಿತು. ಹಳ್ಳಿಗಳು ಬರಿದಾದುವು, ಹೊಟ್ಟೆಗಿಲ್ಲದ ಜನ ದಾರಿಗಳಲ್ಲಿ ಬಿದ್ದು ಸತ್ತರು. ಡಚ್ಚರೂ ಇಂಗ್ಲಿಷರೂ ಸಮುದ್ರ ವ್ಯಾಪಾರದಿಂದ ಐಶ್ವರ್ಯವಂತರಾಗುತ್ತಿದ್ದುದನ್ನು ಸ್ಕಾಟರು ಕಣ್ಣಾರೆ ಕಾಣುತ್ತಿದ್ದರು. ನಮಗೂ ಒಂದು ಕಂಪನಿ, ನಮಗೂ ಒಂದು ವಸಾಹತು ಇದ್ದರೆ ಈ ದಾರಿದ್ರ್ಯ ತೊಲಗೀತು ಎಂಬ ಆಸೆ ಆ ನಾಡಿನಲ್ಲಿ ಹುಟ್ಟಿದುದು ಆಶ್ಚರ್ಯವಲ್ಲ.

೧೬೯೫ರ ಜೂನಿನಲ್ಲಿ ಎಡಿನ್‌ಬರೋ ನಗರದ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಆಫ್ರಿಕ ಮತ್ತು ಇಂಡೀಸ್ ದೇಶಗಳೊಡನೆ ವ್ಯಾಪಾರಮಾಡುವ ಸ್ಕಾಟ್ಲೆಂಡ್ ಕಂಪನಿಯನ್ನು ಸ್ಥಾಪಿಸಿತು. ‘ಇಂಡೀಸ್’ ಎಂಬ ಮಾತಿನಲ್ಲಿ ನಮ್ಮ ದೇಶವೂ ಸೇರಿದ್ದಿತೆಂಬುದನ್ನು ಗಮನಿಸಬೇಕು. ಮುಂದಿನ ತೊಡಕಿಗೆ ಮೊದಲ ಗಂಟು ಬಿದ್ದುದು ಅಲ್ಲಿಯೇ. ಬಂಡವಾಳದಲ್ಲಿ ಅರ್ಧವನ್ನು ಲಂಡನ್ನಿನಲ್ಲಿ ಎತ್ತಬೇಕೆಂಬುದು ಮೊದಲ ಯೋಚನೆ. ಅಲ್ಲಿನ ವರ್ತಕರು ಕೆಲವೇ ದಿನಗಳಲ್ಲಿ ೩ ಲಕ್ಷ ಪೌನುಗಳಿಗೆ ಸಹಿಹಾಕಿದರು. ಕೂಡಲೆ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಏಕಸ್ವಾಮ್ಯಕ್ಕೆ ಧಕ್ಕೆ ಬಂದಿತೆಂದು ಕೂಗೆಬ್ಬಿಸಿದರು. ಇಂಗ್ಲಿಷ್ ಪಾರ್ಲಿಮೆಂಟು ವಿಚಾರಣೆಗೆ ತೊಡಗಿತು. ಸಹಿ ಹಾಕಿದವರು ಹೆದರಿ ಹಿಂದೆಗೆದರು. ಹ್ಯಾಂಬರ್ಗ್ ಪಟ್ಟಣದಲ್ಲಿ ಹಣ ಕೇಳಹೋದರೆ ಅಲ್ಲಿಯೂ ಇಂಗ್ಲೆಂಡಿನ ಪ್ರತಿನಿಧಿ ಅಡ್ಡಬಂದನು.

ಈ ಅವಮಾನವೇ ಸ್ಕಾಟ್ಲೆಂಡಿನ ಜನರನ್ನು ಕೆರಳಿಸಿತು. ಹೊರಗಿನವರ ಹಣ ಬೇಡ, ನಾವೇ ಕೊಡುತ್ತೇವೆ ಎಂದು ಅವರು ಮುಂದೆ ಬಂದರು. ೧೬೯೬ರ ಫೆಬ್ರವರಿಯಲ್ಲಿ ಎಡಿನ್‌ಬರೋದಲ್ಲಿ ಪಾಲುಗಳ ಪುಸ್ತಕವನ್ನು ತೆರೆದಾಗ ಮೊದಲು ಸಹಿಮಾಡಿದವಳು ಹ್ಯಾಮಿಲ್ಟನ್ನಿನ ಡಚೆಸ್ ಆ್ಯನ್. ಆಕೆಯ ಹಿಂದೆ ಜಮೀನ್ದಾರರು, ವಕೀಲರು, ವೈದ್ಯರು, ಪಾದ್ರಿಗಳು, ವರ್ತಕರು, ವಿಧವೆಯರು, ಪಟ್ಟಣಗಳ ಸಭೆಗಳು, ಕೈಕಸಬಿನವರ ಸಂಘಗಳು ಸಾಲುಗಟ್ಟಿ ಬಂದುವು. ಆಗಸ್ಟಿನ ಹೊತ್ತಿಗೆ ಸುಮಾರು ೧,೪೦೦ ಮಂದಿ ಸೇರಿ ೪ ಲಕ್ಷ ಪೌನುಗಳನ್ನು ಕೊಡುವುದಾಗಿ ವಾಗ್ದಾನಮಾಡಿದ್ದರು. ಅಂದಿನ ಸ್ಕಾಟ್ಲೆಂಡ್ ಸರ್ಕಾರದ ಎರಡು ವರ್ಷದ ಹುಟ್ಟುವಳಿಯನ್ನು ಕೂಡಿಸಿದರೂ ಅಷ್ಟು ಮೊತ್ತವಾಗುತ್ತಿರಲಿಲ್ಲ. ವಾಗ್ದಾನದ ಹಣವೆಲ್ಲ ಒಮ್ಮೆಗೇ ಕೈಗೆ ಬರಲಿಲ್ಲ, ನಿಜ. ಆದರೆ ಇದು ಒಂದು ಅಂಗಡಿಯ ಲಾಭನಷ್ಟದ ವಿಷಯವಾಗಿ ಉಳಿಯಲಿಲ್ಲ. ದೇಶದ ಮಾನದ ವಿಷಯವಾಯಿತು. ಮಾನದ ವಿಷಯವಾದುದರಿಂದಲೇ ಮುಂದೆ ಸತ್ಯವನ್ನು ಹೇಳುವುದೂ ಕೇಳುವುದೂ ಕಷ್ಟವಾಯಿತು.

ಈ ಉದ್ಯಮಕ್ಕೆ ಮೂಲಪುರುಷನು ವಿಲಿಯಮ್ ಪ್ಯಾಟರ್ಸನ್. ಸ್ಕಾಟ್ಲೆಂಡಿನ ಡಂಫ್ರೀಸ್ ಸೀಮೆಯಲ್ಲಿ ಹುಟ್ಟಿ, ಕೆರಿಬಿಯನ್ ದ್ವೀಪಗಳಲ್ಲಿ ವ್ಯಾಪಾರಮಾಡಿ, ಲಂಡನ್ನಿಗೆ ಬಂದು, ೧೬೯೪ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಸ್ಥಾಪನೆಗೆ ಕಾರಣನಾದವನು ಈತನೇ. ಎರಡು ಮಹಾಸಾಗರಗಳ ನಡುವೆ ಇರುವ ಕಿರಿದಾದ ನೆಲವನ್ನು ಹಿಡಿದು, ಈ ದಡದಲ್ಲಿ ಇಳಿಸಿದ ಸರಕನ್ನು ಆ ದಡಕ್ಕೆ ಸಾಗಿಸಿದರೆ, ದಕ್ಷಿಣ ಅಮೆರಿಕದ ತುದಿಯನ್ನು ಬಳಸುವ ಭಯಂಕರವಾದ ಪ್ರಯಾಣ ತಪ್ಪುತ್ತದೆ. ಚೀನ, ಜಪಾನ್, ಇಂಡಿಯಾ ದೇಶಗಳ ವ್ಯಾಪಾರಕ್ಕೆಲ್ಲ ಆ ನೆಲವೇ ಹೆಬ್ಬಾಗಿಲಾಗುತ್ತದೆ ಎಂಬುದು ಅವನ ಬಹುಕಾಲದ ಕನಸು. ಇದನ್ನು ಹುಚ್ಚೆಂದು ತಳ್ಳಿಹಾಕಲಾಗದು. ೧೯೧೪ರಲ್ಲಿ ಪನಾಮಾ ಕಾಲುವೆ ತೆರೆದಾಗ ಆ ಕನಸಿನ ತಿರುಳು ಸರಿಯೆಂದು ಲೋಕಕ್ಕೆ ಗೊತ್ತಾಯಿತು. ಕನಸು ಸರಿಯಾಗಿದ್ದಿತು; ಲೆಕ್ಕ ತಪ್ಪಾಗಿದ್ದಿತು. ಡೇರಿಯನ್ ಪ್ರಾಂತವು ತನ್ನದೆಂದು ಸ್ಪೇನ್ ರಾಜ್ಯವು ಹದಿನಾರನೆಯ ಶತಮಾನದ ಮೊದಲಿನಿಂದ ಸಾಧಿಸುತ್ತಿದ್ದಿತು. ಒಂದು ಕಡೆ ಪೋರ್ಟೊಬೆಲೊ, ಇನ್ನೊಂದು ಕಡೆ ಕಾರ್ಟಹೇನ ಎಂಬ ಅದರ ಭದ್ರವಾದ ಬಂದರುಗಳಿದ್ದುವು. ಕಡಲುಗಳ್ಳರೊಡನೆ ಆ ನೆಲದಲ್ಲಿ ಅಲೆದಿದ್ದ ಲಯೊನೆಲ್ ವೇಫರ್ ಎಂಬ ವೈದ್ಯನ ವರ್ಣನೆಯನ್ನು ಕಂಪನಿಯವರು ಆಧಾರವಾಗಿ ಹಿಡಿದರು. ಅವನು ಮರಗಳನ್ನೂ ಪಕ್ಷಿಗಳನ್ನೂ ಅಲ್ಲಿನ ಜನರನ್ನೂ ಚೆನ್ನಾಗಿ ಬಣ್ಣಿಸಿದ್ದನು. ಆದರೆ ಸಾವಿರ ಮಂದಿ ಅಲ್ಲಿ ಒಂದು ಮಳೆಗಾಲವನ್ನು ಕಳೆಯಬಲ್ಲರೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ.

೧೬೯೮ರ ಜುಲೈ ತಿಂಗಳಲ್ಲಿ ಎಡಿನ್‌ಬರೋಗೆ ಸೇರಿದ ಲೀತ್ ಬಂದರಿನಿಂದ ಐದು ಹಡಗುಗಳು ಹೊರಟುವು: ಸೇಂಟ್ ಆಂಡ್ರ್ಯೂ, ಕ್ಯಾಲಿಡೋನಿಯ, ಯೂನಿಕಾರ್ನ್, ಡಾಲ್ಫಿನ್, ಎಂಡೆವರ್. ಅವುಗಳಲ್ಲಿ ಸುಮಾರು ೧,೨೦೦ ಜನ. ೧೬೯೭ರಲ್ಲಿ ಫ್ರಾನ್ಸಿನೊಡನೆ ಸಂಧಿಯಾದ ಮೇಲೆ ಕೆಲಸವಿಲ್ಲದೆ ಉಳಿದ ಸೈನಿಕರು, ಆಸ್ತಿಯಿಲ್ಲದ ಕಿರಿಯ ಮಕ್ಕಳು, ಬರದಲ್ಲಿ ನೊಂದ ಬಡವರು ಅವರಲ್ಲಿ ಹೆಚ್ಚು. ಒಬ್ಬೊಬ್ಬರಿಗೂ ೫೦ ಎಕರೆ ಭೂಮಿ ಕೊಡುವುದಾಗಿ ಮಾತಾಗಿದ್ದಿತು. ಹೋಗುವ ಸ್ಥಳವನ್ನು ಮುದ್ರೆಹಾಕಿದ ಲಕೋಟೆಯಲ್ಲಿ ಇಟ್ಟಿದ್ದರು; ಹಡಗುಗಳು ದಡ ಬಿಟ್ಟ ಮೇಲೆಯೇ ಅದನ್ನು ಒಡೆಯಬೇಕೆಂದು ಆಜ್ಞೆ. ಸರಕಿನ ಪೆಟ್ಟಿಗೆಗಳಲ್ಲಿ ಉಣ್ಣೆಯ ಬಟ್ಟೆ, ಕಾಲುಚೀಲ, ಬಾಚಣಿಗೆ, ತಲೆಗೆ ತೊಡುವ ಕೃತಕ ಕೇಶ, ಬೈಬಲ್ ಗ್ರಂಥ ಇವು ಇದ್ದುವು. ಬಿಸಿಲೂ ಮಳೆಯೂ ಬಿಡದ ಆ ಕರಾವಳಿಯಲ್ಲಿ ಉಣ್ಣೆಯನ್ನು ಕೊಳ್ಳುವವರು ಯಾರೆಂದು ಕೇಳಿದವರಿಲ್ಲ.

ಪ್ಯಾಟರ್ಸನ್ನನಿಗೂ ಈ ಹೊತ್ತಿಗೆ ಕಂಪನಿಯಲ್ಲಿ ಅಧಿಕಾರವಿರಲಿಲ್ಲ. ಅವನು ನಂಬಿ ಹಣ ವಹಿಸಿದ್ದವನೊಬ್ಬನು, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಅದರಲ್ಲಿ ದೊಡ್ಡ ಪಾಲನ್ನು ನುಂಗಿದ್ದನು. ಆ ಅಪಕೀರ್ತಿ ಪ್ಯಾಟರ್ಸನ್ನನ ತಲೆಗೆ ಬಂದಿತು. ಆದರೂ ಅವನು ಹೆಂಡತಿಯನ್ನು ಕರೆದುಕೊಂಡು ಸಾಮಾನ್ಯ ವಲಸೆಗಾರನಂತೆ ಹಡಗನ್ನು ಹತ್ತಿದನು. ಆಹಾರದ ದಾಸ್ತಾನನ್ನು ಪರೀಕ್ಷಿಸಬೇಕೆಂದು ಅವನು ಪದೇ ಪದೇ ಹೇಳಿದನು. ನಾಯಕರು ತಡವಾಗಿ ನೋಡಿದಾಗ ಅದು ಎಣಿಸಿದ್ದಕ್ಕಿಂತ ಬಹಳ ಕಡಮೆಯಾಗಿದ್ದಿತು. ದಾರಿಯಲ್ಲಿಯೇ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ನವೆಂಬರಿನ ಮೊದಲಲ್ಲಿ ಹಡಗುಗಳು ಡೇರಿಯನ್ ತೀರವನ್ನು ಮುಟ್ಟಿದುವು. ಕೆಲವೇ ದಿನಗಳಲ್ಲಿ ಪ್ಯಾಟರ್ಸನ್ನನ ಹೆಂಡತಿ ತೀರಿಕೊಂಡಳು.

ನಾಡಿಗೆ ‘ನ್ಯೂ ಕ್ಯಾಲಿಡೋನಿಯ’ ಎಂದೂ, ಕಟ್ಟಬೇಕಾದ ಊರಿಗೆ ‘ನ್ಯೂ ಎಡಿನ್‌ಬರೋ’ ಎಂದೂ, ಕೋಟೆಗೆ ‘ಸೇಂಟ್ ಆಂಡ್ರ್ಯೂ’ ಎಂದೂ ಹೆಸರಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ, ಊರಿಗಿಂತ ಮುಂಚೆ ಹೆಸರು ಬಂದಿತು. ಆ ನೆಲದ ನಿಜವಾದ ಒಡೆಯರಾದ ಗೂನಾ ಜನರು ಹೊಸಬರನ್ನು ಸ್ನೇಹದಿಂದಲೇ ಕಂಡರು. ಸ್ಪ್ಯಾನಿಷರೊಡನೆ ಅವರಿಗೆ ಹಳೆಯ ಹಗೆ. ಹಗೆಯ ಹಗೆ ಗೆಳೆಯನಾದಾನೆಂದು ಅವರ ಎಣಿಕೆ. ಅವರು ಬಾಳೆಯ ಕಾಯಿಗಳನ್ನೂ ಹಣ್ಣುಗಳನ್ನೂ ತಂದುಕೊಟ್ಟರು. ಡಿಸೆಂಬರಿನಲ್ಲಿ ವಸಾಹತಿನ ಸಭೆಯು ಒಂದು ಘೋಷಣೆಯನ್ನು ಹೊರಡಿಸಿ, ಯಾವ ದೇಶದವರೇ ಆಗಲಿ ಇಲ್ಲಿಗೆ ಬಂದು ವ್ಯಾಪಾರಮಾಡಬಹುದು, ಮತವಿಷಯದಲ್ಲಿ ಎಲ್ಲರಿಗೂ ಸ್ವಾತಂತ್ರ್ಯವುಂಟು ಎಂದು ಸಾರಿತು. ಆ ಕಾಲಕ್ಕೆ ಇದು ಉದಾರವಾದ ಮಾತು. ಆದರೆ ವ್ಯಾಪಾರಕ್ಕೆ ಬರುವವರೇ ಇರಲಿಲ್ಲ. ಗಾಳಿಯು ಕೊಲ್ಲಿಯ ಒಳಮುಖವಾಗಿ ಬೀಸುತ್ತಿದ್ದುದರಿಂದ ಒಳಗೆ ಬಂದ ಹಡಗು ಹೊರಗೆ ಹೋಗುವುದೇ ಪ್ರಯಾಸವಾಗಿದ್ದಿತು.

ಆಡಳಿತವಂತೂ ವಿಚಿತ್ರವಾಗಿದ್ದಿತು. ಗವರ್ನರನಿಲ್ಲ; ಏಳು ಮಂದಿಯ ಸಭೆ; ವಾರಕ್ಕೊಬ್ಬ ಅಧ್ಯಕ್ಷ. ಒಂದು ವಾರ ಒಬ್ಬನು ಕೊಟ್ಟ ಅಪ್ಪಣೆಯನ್ನು ಮುಂದಿನ ವಾರ ಮತ್ತೊಬ್ಬನು ತೆಗೆದುಹಾಕಬಹುದಾಗಿದ್ದಿತು. ಹಡಗಿನ ಕಪ್ತಾನರಿಗೂ ನೆಲದ ಮೇಲಿನ ಅಧಿಕಾರಿಗಳಿಗೂ ನಿತ್ಯ ಜಗಳ. ಕೋಟೆಯ ಕೆಲಸ ಸಾಗಿತು. ಗುಡಿಸಲುಗಳ ಕೆಲಸ ಕುಂಟಿತು. ಉತ್ತುಬಿತ್ತುವ ಕೆಲಸ ಆದುದು ಅತ್ಯಲ್ಪ.

ಇಂಥ ಸ್ಥಿತಿಯಲ್ಲಿ ೧೬೯೮ರ ಡಿಸೆಂಬರ್ ಕೊನೆಯಲ್ಲಿ ವಸಾಹತಿನವರು ಸ್ವದೇಶಕ್ಕೆ ಪತ್ರಗಳನ್ನು ಕಳುಹಿಸಿದರು. ಅವುಗಳಲ್ಲಿ ನೆಲದ ಫಲವತ್ತತೆಯ ಹೊಗಳಿಕೆಯಿದ್ದಿತು, ಚಿನ್ನದ ಆಸೆಯಿದ್ದಿತು, ಕೊಲ್ಲಿಯ ಸೊಬಗಿನ ವರ್ಣನೆಯಿದ್ದಿತು. ಸಾವುಗಳ ಸುದ್ದಿಯನ್ನು ಹಗುರಮಾಡಿ ಹೇಳಿದ್ದರು. ಹಣ ಕೊಟ್ಟವರು ಧೈರ್ಯಗೆಡಬಾರದೆಂದು ಅವರು ಹೀಗೆ ಬರೆದಿರಬೇಕು. ೧೬೯೯ರ ಮಾರ್ಚಿ ಕೊನೆಯಲ್ಲಿ ಈ ಪತ್ರಗಳು ಎಡಿನ್‌ಬರೋ ಮುಟ್ಟಿದುವು. ಗುಡಿಗಳಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸಿದರು, ಪಟ್ಟಣದಲ್ಲಿ ಸಂಭ್ರಮವಾಯಿತು. ಆ ದಿನಗಳಲ್ಲಿಯೇ, ಸಮುದ್ರದ ಆಚೆ, ಜ್ವರದಿಂದಲೂ ಅತಿಸಾರದಿಂದಲೂ ಜನ ಸಾಯುತ್ತಿದ್ದರು. ಮಳೆಗಾಲ ಹಿಡಿದ ಮೇಲೆ ದಿನಕ್ಕೆ ಹತ್ತು ಮಂದಿಯವರೆಗೂ ಮಣ್ಣಾದರು. ಡಾಲ್ಫಿನ್ ಹಡಗು ಕಾರ್ಟಹೇನದ ಬಳಿ ಬಂಡೆಗೆ ಬಡಿದು ಸ್ಪ್ಯಾನಿಷರ ಕೈಗೆ ಸಿಕ್ಕಿತು. ಅದರ ಜನರನ್ನು ಸೆರೆಯಲ್ಲಿಟ್ಟರು.

ಕೊನೆಯ ಪೆಟ್ಟು ಬಂದುದು ಇಂಗ್ಲೆಂಡಿನ ಕಡೆಯಿಂದ. ದೊರೆ ಮೂರನೆಯ ವಿಲಿಯಮ್ಮನಿಗೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಭಯ. ಅದಕ್ಕಾಗಿ ಸ್ಪೇನಿನ ಸ್ನೇಹವನ್ನು ಕೆಡಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಒಂದೇ ತಲೆಯ ಮೇಲೆ ಎರಡು ಕಿರೀಟಗಳಿದ್ದಾಗ ಬಡ ಕಿರೀಟದ ಹಿತವು ಹಿಂದೆ ಬೀಳುವುದು ಸಹಜ. ಅವನ ಆಜ್ಞೆಯಂತೆ, ೧೬೯೯ರ ಏಪ್ರಿಲ್‌ನಲ್ಲಿ ಜಮೈಕದ ಗವರ್ನರನು, ಡೇರಿಯನ್ನಿನ ಸ್ಕಾಟರಿಗೆ ಯಾರೂ ಆಹಾರವನ್ನಾಗಲಿ ಸಹಾಯವನ್ನಾಗಲಿ ಕೊಡಕೂಡದೆಂದು ಸಾರಿದನು. ಇತರ ಇಂಗ್ಲಿಷ್ ವಸಾಹತುಗಳಲ್ಲಿಯೂ ಇದೇ ನಡೆಯಿತು. ತಾಯ್ನಾಡಿನಿಂದ ಒಂದು ಹಡಗೂ ಬಂದಿರಲಿಲ್ಲ. ತಮ್ಮನ್ನು ಎಲ್ಲರೂ ಕೈಬಿಟ್ಟರೆಂದು ವಸಾಹತಿನ ಜನ ಬಗೆದರು. ಜೂನಿನಲ್ಲಿ, ಬಂದು ಎಂಟು ತಿಂಗಳು ತುಂಬುವ ಮೊದಲೇ, ಅವರು ಊರನ್ನು ಬಿಟ್ಟು ಹೊರಟರು. ಹೋಗಕೂಡದೆಂದು ವಾದಿಸಿದ ಪ್ಯಾಟರ್ಸನ್ನನನ್ನು ಜ್ವರದಲ್ಲಿಯೇ ಹೊತ್ತು ಹಡಗಿಗೆ ಸೇರಿಸಬೇಕಾಯಿತು. ನ್ಯೂಯಾರ್ಕಿಗೂ ಜಮೈಕಕ್ಕೂ ಹೋಗುವ ದಾರಿಯಲ್ಲಿ ಮತ್ತೆ ನೂರಾರು ಮಂದಿ ಸತ್ತರು. ಐದು ಹಡಗುಗಳಲ್ಲಿ ಸ್ಕಾಟ್ಲೆಂಡಿಗೆ ಹಿಂದಿರುಗಿದುದು ಕ್ಯಾಲಿಡೋನಿಯ ಒಂದೇ.

ಇನ್ನು ಕಥೆಯ ಎರಡನೆಯ ಭಾಗ. ನಮ್ಮ ಪ್ರಶ್ನೆ ಇರುವುದು ಇಲ್ಲಿಯೇ. ಮಾರ್ಚಿಯ ಶುಭವಾರ್ತೆಯಿಂದ ಉಬ್ಬಿದ ಕಂಪನಿಯವರು ಎರಡನೆಯ ನೌಕಾಪಡೆಯನ್ನು ಸಿದ್ಧಗೊಳಿಸಿದ್ದರು: ರೈಸಿಂಗ್ ಸನ್ ಮೊದಲಾದ ನಾಲ್ಕು ಹಡಗುಗಳು, ಸುಮಾರು ೧,೩೦೦ ಜನ. ಅವು ಕ್ಲೈಡ್ ನದಿಯ ಮುಖದಲ್ಲಿ ಗಾಳಿಗಾಗಿ ಕಾಯುತ್ತಿದ್ದಾಗ, ಡೇರಿಯನ್ನನ್ನು ಬಿಟ್ಟುಬಿಟ್ಟಿದ್ದಾರೆಂಬ ವದಂತಿ ಇಂಗ್ಲೆಂಡಿನಿಂದ ಬಂದಿತು. ಕಂಪನಿಯ ನಿರ್ದೇಶಕರು ಇದನ್ನು ನಂಬಲಿಲ್ಲ. ಇದು ನಮ್ಮ ಹಗೆಗಳು ಕಟ್ಟಿದ ಸುಳ್ಳು ಎಂದರು. ಹಿಂದೆ ಇಂಗ್ಲೆಂಡು ಮಾಡಿದ್ದ ಅನ್ಯಾಯಗಳು ನಿಜವಾಗಿದ್ದುದರಿಂದ, ಈ ಮಾತು ಅಲ್ಲಿಂದ ಬಂದುದೇ ಅದನ್ನು ತಳ್ಳಿಹಾಕಲು ಸಾಕಾಯಿತು. ಸೆಪ್ಟೆಂಬರ್ ೨೪ರಂದು ಹಡಗುಗಳು ಹೊರಟುವು. ನವೆಂಬರ್ ಕೊನೆಯ ದಿನ ಅವರು ಕೊಲ್ಲಿಯನ್ನು ಸೇರಿದಾಗ ಕಂಡುದು ಸುಟ್ಟ ಗುಡಿಸಲುಗಳು, ಹುಲ್ಲು ಬೆಳೆದ ಕೋಟೆ, ಸಾಲು ಗೋರಿಗಳು.

ಮೊದಲಿನವರ ತಪ್ಪುಗಳೇ ಮರುಕಳಿಸಿದುವು. ಹೊಸ ಸಭೆಯಲ್ಲಿ ಪ್ರಬಲನಾಗಿದ್ದ ಜೇಮ್ಸ್ ಬೈಯರ್ಸ್, ತಾವು ಇದ್ದ ವಸಾಹತಿಗೆ ಬಲ ಕೊಡಲು ಬಂದವರೇ ಹೊರತು ಹೊಸದನ್ನು ಕಟ್ಟಲು ಬಂದವರಲ್ಲವೆಂದು ವಾದಿಸಿದನು. ನ್ಯೂಯಾರ್ಕಿನಿಂದ ಮರಳಿ ಬಂದು ಕೊಲ್ಲಿಯಲ್ಲಿ ಕಾಯುತ್ತಿದ್ದ ಅನುಭವಿಯಾದ ಥಾಮಸ್ ಡ್ರಮ್ಮಂಡನನ್ನು ಸೆರೆಗೆ ಹಾಕಿಸಿದನು. ೧೭೦೦ರ ಫೆಬ್ರವರಿಯಲ್ಲಿ ಬಂದ ಕ್ಯಾಪ್ಟನ್ ಅಲೆಗ್ಸಾಂಡರ್ ಕ್ಯಾಂಬೆಲ್ ಎಂಬ ವೀರನು ಡ್ರಮ್ಮಂಡನನ್ನು ಬಿಡಿಸಿ, ಗೂನಾ ಜನರನ್ನು ಜೊತೆಗೂಡಿಸಿಕೊಂಡು, ಬೆಟ್ಟದ ಆಚೆ ಟೂಬಕಾಂಟಿ ಎಂಬಲ್ಲಿ ಸ್ಪ್ಯಾನಿಷ್ ದಂಡನ್ನು ಮುರಿದನು. ಆದರೆ ಸ್ಪೇನಿನ ನೌಕಾಪಡೆ ಕೊಲ್ಲಿಯ ಬಾಯಿಯನ್ನು ಮುಚ್ಚಿತು. ಜ್ವರವೂ ಹಸಿವೂ ಒಳಗಿನ ಶತ್ರುಗಳಾದುವು. ಮಾರ್ಚಿಯ ಕೊನೆಗೆ ಸ್ಕಾಟರು ಶರಣಾದರು. ಏಪ್ರಿಲ್‌ನಲ್ಲಿ ಹಡಗು ಹತ್ತಿದರು. ನಡೆಯಲಾರದ ರೋಗಿಗಳನ್ನು ನೋಡಿ ಸ್ಪ್ಯಾನಿಷರೇ ಮರುಕಗೊಂಡರು.

ಟೂಬಕಾಂಟಿಯ ವಿಜಯವಾರ್ತೆ ಎಡಿನ್‌ಬರೋ ಮುಟ್ಟಿದುದು ಜೂನ್ ತಿಂಗಳಲ್ಲಿ. ಜನರು ಕಿಟಕಿಗಳಲ್ಲಿ ದೀಪ ಹಚ್ಚಿದರು. ದೀಪ ಹಚ್ಚದವರ ಕಿಟಕಿಗಳನ್ನು ಒಡೆದರು. ಸೆರೆಮನೆಯ ಬಾಗಿಲನ್ನು ಮುರಿದರು. ಆ ರಾತ್ರಿ ಸ್ಕಾಟ್ಲೆಂಡಿಗೆ ಡೇರಿಯನ್ನಿನಲ್ಲಿ ಒಂದು ಅಂಗುಲ ನೆಲವೂ ಇರಲಿಲ್ಲ. ಶರಣಾಗಿ ಎರಡು ತಿಂಗಳಿಗೆ ಮೇಲಾಗಿದ್ದಿತು. ಮತ್ತೆ ಕೆಲವು ವಾರ ಕಳೆಯುವಷ್ಟರಲ್ಲಿ ರೈಸಿಂಗ್ ಸನ್ ಹಡಗು ಅಮೆರಿಕದ ಚಾರ್ಲ್ಸ್‌ಟನ್ ಬಂದರಿನ ಹೊರಗೆ ಬಿರುಗಾಳಿಗೆ ಸಿಕ್ಕಿ, ಒಳಗಿದ್ದವರೆಲ್ಲರೊಡನೆ ಮುಳುಗಿತು. ಧರ್ಮೋಪದೇಶ ಮಾಡಲೆಂದು ಪಟ್ಟಣಕ್ಕೆ ಹೋಗಿದ್ದ ಆರ್ಚಿಬಾಲ್ಡ್ ಸ್ಟೋಬೋ ಎಂಬ ಪಾದ್ರಿ ಉಳಿದುಕೊಂಡನು. ಪನಾಮಾ ಕಾಲುವೆಯನ್ನು ತೋಡಿಸಲು ಮುಂದಾದ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ತಾಯಿಯ ಕಡೆಯಿಂದ ಈತನ ವಂಶದವನು.

ಸೋಲಿಗೆ ಕಾರಣವೇನು? ಸ್ಕಾಟರು ಇಂಗ್ಲೆಂಡನ್ನು ದೂರಿದರು. ಇಂಗ್ಲಿಷರು ಸ್ಕಾಟರ ಅವಿವೇಕವನ್ನು ದೂರಿದರು. ಇಬ್ಬರಿಗೂ ಬೇಡವಾದವರು ಜ್ವರವನ್ನು ದೂರಿದರು. ಮೂರರಲ್ಲಿಯೂ ಸತ್ಯವಿದೆ. ಜಮೈಕದ ಬಾಗಿಲು ಮುಚ್ಚದಿದ್ದರೆ ಮೊದಲನೆಯ ತಂಡ ಇನ್ನೂ ಕೆಲವು ತಿಂಗಳು ನಿಂತೀತು. ಆದರೆ ಸ್ಪೇನಿನ ಬಲದ ಎದುರಿಗೆ, ಕೊಂಡುಕೊಳ್ಳುವವರಿಲ್ಲದ ಸರಕಿನೊಡನೆ, ಒಡೆಯನಿಲ್ಲದ ಆಡಳಿತದಲ್ಲಿ, ಅದು ಬಹುಕಾಲ ಬಾಳುತ್ತಿದ್ದಿತೆಂದು ನಾವು ಹೇಳಲಾರೆವು. ಮೊದಲನೆಯ ತಂಡದ ನಾಶಕ್ಕೆ ಅಜ್ಞಾನ ಕಾರಣವೆಂದು ಕ್ಷಮಿಸಬಹುದು. ಎರಡನೆಯ ತಂಡದ ನಾಶಕ್ಕೆ ಅದೊಂದೇ ಕಾರಣವಲ್ಲ. ಸಮುದ್ರವು ಸುದ್ದಿಯನ್ನು ಮೂರು ನಾಲ್ಕು ತಿಂಗಳು ತಡೆಯುತ್ತಿದ್ದಿತು, ಅದು ಯಾರ ತಪ್ಪೂ ಅಲ್ಲ. ಆದರೆ ಹೊರಟ ಸುದ್ದಿಯೇ ಅರ್ಧ ಸತ್ಯವಾಗಿದ್ದಿತು, ಬಂದ ಪೂರ್ಣ ಸತ್ಯವನ್ನು ಕೇಳಲು ಕಿವಿಯಿರಲಿಲ್ಲ. ದೇಶಾಭಿಮಾನವು ಹಣವನ್ನು ಕೂಡಿಸಿತು, ಜನರನ್ನು ಹುರಿದುಂಬಿಸಿತು. ಅದೇ ದೇಶಾಭಿಮಾನವು ಕೆಟ್ಟ ಸುದ್ದಿಯನ್ನು ಹೇಳಿದವನನ್ನು ದ್ರೋಹಿಯೆಂದಿತು. ಒಟ್ಟು ಸುಮಾರು ೨,೮೦೦ ಮಂದಿ ಹೋದವರಲ್ಲಿ ೨,೦೦೦ ಮಂದಿ ಹಿಂದಿರುಗಲಿಲ್ಲ.

ಈ ನೋವು ಬೇಗ ಆರಲಿಲ್ಲ. ೧೭೦೪ರಲ್ಲಿ, ನಮ್ಮ ಮಲಬಾರ್ ತೀರದಲ್ಲಿ ವ್ಯಾಪಾರ ಮುಗಿಸಿ ಹಿಂದಿರುಗಿದ್ದ ವುರ್ಸ್ಟರ್ ಎಂಬ ಇಂಗ್ಲಿಷ್ ಹಡಗಿನ ಕಪ್ತಾನ ಥಾಮಸ್ ಗ್ರೀನ್ ಸ್ಕಾಟ್ಲೆಂಡಿನಲ್ಲಿ ಸಿಕ್ಕಿಬಿದ್ದನು. ಸ್ಕಾಟ್ಲೆಂಡ್ ಕಂಪನಿಯ ‘ಸ್ಪೀಡಿ ರಿಟರ್ನ್’ ಹಡಗನ್ನು ಮಲಬಾರಿನ ಬಳಿ ಕೊಳ್ಳೆಹೊಡೆದನೆಂದು ಅವನ ಮೇಲೆ ಆರೋಪ. ಆ ಹಡಗನ್ನು ವಾಸ್ತವವಾಗಿ ಹಿಡಿದವರು ಮಡಗಾಸ್ಕರಿನ ಕಡಲುಗಳ್ಳರು. ಆದರೂ ಜನರ ಕೋಪಕ್ಕೆ ಹೆದರಿದ ಅಧಿಕಾರಿಗಳು ೧೭೦೫ರಲ್ಲಿ ಗ್ರೀನ್ ಮತ್ತು ಅವನ ಇಬ್ಬರು ಜೊತೆಗಾರರನ್ನು ಲೀತ್ ಬಂದರಿನ ಮರಳಿನಲ್ಲಿ ಗಲ್ಲಿಗೇರಿಸಿದರು. ಡೇರಿಯನ್ನಿನ ಸೇಡನ್ನು ನಿರಪರಾಧಿಗಳ ಮೇಲೆ ತೀರಿಸಿಕೊಂಡಂತಾಯಿತು.

ಎರಡೇ ವರ್ಷಗಳಲ್ಲಿ, ೧೭೦೭ರ ಮೇ ೧ರಂದು, ಸ್ಕಾಟ್ಲೆಂಡಿನ ಪಾರ್ಲಿಮೆಂಟು ಇಂಗ್ಲೆಂಡಿನದರಲ್ಲಿ ಲೀನವಾಯಿತು. ಸಿಂಹಾಸನಕ್ಕೆ ವಾರಸುದಾರರ ಪ್ರಶ್ನೆ, ಫ್ರಾನ್ಸಿನ ಭಯ, ವ್ಯಾಪಾರದ ಆಸೆ ಮೊದಲಾದ ಬೇರೆ ಕಾರಣಗಳೂ ಇದಕ್ಕಿದ್ದುವು. ಆದರೆ ಒಪ್ಪಂದದ ಹದಿನೈದನೆಯ ವಿಧಿಯಲ್ಲಿ ಡೇರಿಯನ್ನಿನ ನೆರಳು ಸ್ಪಷ್ಟವಾಗಿದೆ. ಅದರಂತೆ ಇಂಗ್ಲೆಂಡು ೩,೯೮,೦೮೫ ಪೌನು ೧೦ ಷಿಲ್ಲಿಂಗುಗಳನ್ನು ಸ್ಕಾಟ್ಲೆಂಡಿಗೆ ಕೊಟ್ಟಿತು. ಅದರಲ್ಲಿ ದೊಡ್ಡ ಭಾಗ ಕಂಪನಿಯ ಪಾಲುದಾರರಿಗೆ ಅಸಲನ್ನು ಬಡ್ಡಿಸಹಿತವಾಗಿ ಹಿಂದಿರುಗಿಸಲು ಮೀಸಲಾಯಿತು. ಕಂಪನಿ ಮುಚ್ಚಿತು. ಈ ಪರಿಹಾರದ ಸಾಲಪತ್ರಗಳನ್ನು ಹೊಂದಿದ್ದವರ ಕೂಟದಿಂದಲೇ ೧೭೨೭ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಹುಟ್ಟಿತು. ಹಣ ಕಳೆದುಕೊಂಡವರಿಗೆ ಹಣ ಬಂದಿತು. ಮಕ್ಕಳನ್ನು ಕಳೆದುಕೊಂಡವರಿಗೆ ಕೊಡುವುದಕ್ಕೆ ಯಾವ ವಿಧಿಯೂ ಇರಲಿಲ್ಲ. ಐಕ್ಯವನ್ನು ಬೆಂಬಲಿಸಿದ ಪ್ಯಾಟರ್ಸನ್ ೧೭೧೯ರಲ್ಲಿ ತೀರಿಕೊಂಡನು.

ಡೇರಿಯನ್ನಿನ ಆ ದಡವು ಯಾರದೆಂಬ ಪ್ರಶ್ನೆಗೆ ಸ್ಕಾಟರೂ ಸ್ಪ್ಯಾನಿಷರೂ ಬೇರೆ ಬೇರೆ ಉತ್ತರ ಕೊಟ್ಟಿದ್ದರು. ಕಾಲವು ಕೊಟ್ಟ ಉತ್ತರ ಮೂರನೆಯದು. ೧೯೨೫ರಲ್ಲಿ ಗೂನಾ ಜನರು ಪನಾಮಾ ಸರ್ಕಾರದ ದಬ್ಬಾಳಿಕೆಯನ್ನು ಎದುರಿಸಿ ದಂಗೆಯೆದ್ದು, ಕ್ರಮೇಣ ತಮ್ಮ ನಾಡಿಗೆ ಸ್ವಯಮಾಡಳಿತವನ್ನು ಪಡೆದುಕೊಂಡರು. ಸ್ಕಾಟರ ಕೊಲ್ಲಿ ಇಂದು ಅವರ ಸೀಮೆಗೆ ಸೇರಿದೆ. ಕೋಟೆಯ ಸುತ್ತ ಸ್ಕಾಟರು ಹವಳದ ಕಲ್ಲನ್ನು ಕಡಿದು ತೋಡಿದ ಕಂದಕವೊಂದು ಅಲ್ಲಿ ಉಳಿದುಬಂದಿದೆ; ಸಮುದ್ರದ ನೀರು ಅದರೊಳಗೆ ಬಂದು ಹೋಗುತ್ತದೆ. ಊರು ಕಟ್ಟಲು ಧನ ಬೇಕು, ಧೈರ್ಯ ಬೇಕು. ಸ್ಕಾಟರಲ್ಲಿ ಎರಡಕ್ಕೂ ಕೊರತೆಯಿರಲಿಲ್ಲ. ಕಂಡುದನ್ನು ಕಂಡಂತೆ ಬರೆಯುವ ಕೈಯೂ, ಬರೆದುದನ್ನು ಬರೆದಂತೆ ಓದುವ ಮನಸ್ಸೂ ಅವುಗಳ ಜೊತೆಗೆ ಇದ್ದಿದ್ದರೆ, ಕ್ಲೈಡ್ ನದಿಯ ಮುಖದಲ್ಲಿ ಗಾಳಿಗಾಗಿ ಕಾಯುತ್ತಿದ್ದ ಆ ೧,೩೦೦ ಜನ ಮನೆಗೆ ಹಿಂದಿರುಗುತ್ತಿದ್ದರು.